ಹೆಸರು ಹೊಡೆಯೋದಕ್ಕೆ ಮುಂಚೆ

ಆ ಹಾಜರಿ ಪಟ್ಟಿ ಹೀಗೆ ಕಾಂಪೌಂಡ್ ಗೋಡೆ ಮೇಲಿಡಮ್ಮ, ನೋಡೋಣ. ಆಗಸ್ಟ್‌ನಲ್ಲಿ ಇಪ್ಪತ್ತು ಮಕ್ಕಳಿದ್ದ ಯುನಿಟ್ಟು, ದೀಪಾವಳಿ ಕಳೆಯೋ ಹೊತ್ತಿಗೆ ಹದಿನಾಲ್ಕಾಗಿದೆ. ಮಿಕ್ಕ ಆರು ಜನಕ್ಕೆ ನೋಟಿಸ್ ಕಳಿಸಿ, ಆಗಲೂ ಬರದಿದ್ದರೆ ಹೆಸರು ಹೊಡೆದುಹಾಕಿ ಅಂತ ಆಫೀಸಿನಿಂದ ಹೇಳಿದ್ದಾರೆ ಅಂತೀಯ. ನೋಟಿಸು ಹೋಗಲಿ, ಅದು ನಿಯಮ. ಆದರೆ ಇಲ್ಲಿ ನೋಡು, ಈ ಮೂರನೇ ಹೆಸರಿನ ಸಾಲು. ಮೊದಲ ತಿಂಗಳು ಒಂದು ದಿನಾನೂ ತಪ್ಪಿಸಿಲ್ಲ. ಆಮೇಲೊಂದು ಸೋಮವಾರ ಇಲ್ಲ. ಮುಂದಿನ ವಾರ ಸೋಮವಾರ, ಶನಿವಾರ ಎರಡೂ ಇಲ್ಲ. ಆಮೇಲೆ ವಾರಕ್ಕೆ ಎರಡೋ ಮೂರೋ ದಿನ. ಕೊನೆಗೆ ಪೂರ್ತಿ ಖಾಲಿ. ಈ ಹುಡುಗ ಬಿಟ್ಟುಹೋಗಿದ್ದು ಮೊನ್ನೆ ಅಂತ ನೀನು ತಿಳ್ಕೊಂಡಿದ್ದೀಯ. ನನ್ನನ್ನ ಕೇಳಿದರೆ ಅವನು ಹೋಗೋಕೆ ಶುರು ಮಾಡಿದ್ದು ಆ ಮೊದಲನೇ ಸೋಮವಾರ.

ಸೋಮವಾರ ಯಾಕೆ ಅಂತ ಗೊತ್ತಾ? ಭಾನುವಾರ ಮುಹೂರ್ತ ಇರುತ್ತೆ. ತುಮಕೂರಿನ ಸುತ್ತಮುತ್ತ ಛತ್ರಗಳಲ್ಲಿ ಕ್ಯಾಟರಿಂಗ್‌ನವರ ಜೊತೆ ಬಡಿಸೋಕೆ ಹೋಗೋ ಹುಡುಗರಲ್ಲಿ ನಮ್ಮ ಐಟಿಐ ಮಕ್ಕಳು ಬೇಕಾದಷ್ಟು ಜನ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಮಧ್ಯಾಹ್ನದ ಊಟ, ಪಾತ್ರೆ ತುಂಬಿ ಕಳಿಸಿ ಮನೆ ಸೇರೋ ಹೊತ್ತಿಗೆ ಅಪರಾತ್ರಿ. ಸೋಮವಾರ ಏಳೋಕೇ ಆಗಲ್ಲ. ಕೈಗೆ ಒಂದಿಷ್ಟು ದುಡ್ಡು ಬರುತ್ತೆ, ಹೊಟ್ಟೆ ತುಂಬ ಊಟ. ಅದರ ಮುಂದೆ ನಮ್ಮ ಥಿಯರಿ ಕ್ಲಾಸು ನಿಲ್ಲಬೇಕು. ಮಂಗಳವಾರ ಅವನು ಬಂದಾಗ ‘ಯಾಕಪ್ಪ ನಿನ್ನೆ ಕಾಣಲಿಲ್ಲ’ ಅಂತ ಪಕ್ಕಕ್ಕೆ ಕರೆದು ಕೇಳಿದ್ದರೆ ಇಷ್ಟೂ ವಿಷಯ ಐದು ನಿಮಿಷದಲ್ಲಿ ತಿಳೀತಿತ್ತು.

ಆ ಮಾತು ಕೇಳೋಕೆ ಆಗೋದು ಐಟಿಐನಲ್ಲಿ ಒಬ್ಬರಿಗೇ, ಟ್ರೇಡ್ ಕಲಿಸೋ ಬೋಧಕರಿಗೆ. ಪಿಯು ಕಾಲೇಜಿನಲ್ಲಿ ಗಂಟೆಗೊಬ್ಬರು ಲೆಕ್ಚರರ್ ಬರ್ತಾರೆ, ಹೋಗ್ತಾರೆ. ಹಿಂದಿನ ಬೆಂಚಿನ ಹುಡುಗ ಇದ್ದರೂ ಗೊತ್ತಾಗಲ್ಲ, ಇಲ್ಲದಿದ್ದರೂ ಗೊತ್ತಾಗಲ್ಲ. ನಮ್ಮಲ್ಲಿ ದಿನದ ಹೆಚ್ಚು ಹೊತ್ತು ಅದೇ ಇಪ್ಪತ್ತು ಮಕ್ಕಳು, ಅದೇ ಶಾಪು, ಅದೇ ಮೇಷ್ಟ್ರು. ಫಿಟ್ಟರ್, ಎಲೆಕ್ಟ್ರಿಷಿಯನ್ ಆದರೆ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಯಾರ ಕೈ ನಡುಗುತ್ತೆ, ಯಾರು ಬೆಳಿಗ್ಗೆ ತಿಂಡಿ ತಿಂದಿಲ್ಲ, ಯಾರ ಚಪ್ಪಲಿ ಕಿತ್ತಿದೆ, ಎಲ್ಲ ಕಣ್ಣೆದುರಿಗೇ ಇರುತ್ತೆ. 1950ರಲ್ಲಿ ಕ್ರಾಫ್ಟ್ಸ್‌ಮನ್ ಟ್ರೈನಿಂಗ್ ಸ್ಕೀಮ್ ಅಂತ ಕೇಂದ್ರ ಸರ್ಕಾರ ಈ ಐಟಿಐ ಏರ್ಪಾಡು ಶುರು ಮಾಡಿದಾಗಿನಿಂದ ಸಿಲಬಸ್ ಎಷ್ಟೋ ಸಲ ಬದಲಾಯಿತು. ಒಬ್ಬ ಬೋಧಕ, ಒಂದು ಬೆಂಚು, ಅದರ ಸುತ್ತ ಕೆಲವೇ ಮಕ್ಕಳು ಅನ್ನೋದು ಮಾತ್ರ ಹಾಗೇ ಉಳಿದಿದೆ. ಅದು ನಮ್ಮ ಕೈಲಿರೋ ದೊಡ್ಡ ಶಕ್ತಿ.

ಅಮೆರಿಕದಲ್ಲಿ ವಿನ್ಸೆಂಟ್ ಟಿಂಟೊ ಅಂತ ಒಬ್ಬರು 1975ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಮಕ್ಕಳು ಕಾಲೇಜು ಬಿಡೋದಕ್ಕೆ ಮನೆ ಪರಿಸ್ಥಿತಿ, ಹಿಂದಿನ ಓದು ಇವೆಲ್ಲ ಕಾರಣ ಹೌದು, ಆದರೆ ಒಳಗೆ ಬಂದ ಮೇಲೆ ಓದಿನ ಜೊತೆ, ಅಲ್ಲಿನ ಜನರ ಜೊತೆ ಅವರಿಗೆ ನಂಟು ಬೆಳೀತೋ ಇಲ್ಲವೋ ಅನ್ನೋದು ಬಹಳ ಮುಖ್ಯ ಅಂತ ಅವರ ವಾದ. ಅವರು ಹೇಳಿದ್ದು ಅಲ್ಲಿನ ಡಿಗ್ರಿ ಕಾಲೇಜುಗಳನ್ನ ನೋಡಿ. ನಮ್ಮ ಶಾಪ್ ಫ್ಲೋರಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತೆ ಅಂತ ನನಗನ್ನಿಸುತ್ತೆ. ಇಲ್ಲಿ ಓದಿನ ನಂಟು ಅಂದರೆ ಕೈಗೂ ಕೆಲಸಕ್ಕೂ ಇರೋ ನಂಟು. ಜನರ ನಂಟು ಅಂದರೆ ನೀನು, ಪಕ್ಕದ ವೈಸಿನಲ್ಲಿ ನಿಂತಿರೋ ಹುಡುಗ, ಅಷ್ಟೆ.

“ಅವರಿಗೇ ಇಷ್ಟ ಇಲ್ಲ ಸಾರ್” ಅಂತೀಯಲ್ಲ, ಆ ಮಾತು ನಾನು ಬಹಳ ಕೇಳಿದ್ದೀನಿ. ಸ್ವಲ್ಪ ಯೋಚನೆ ಮಾಡು. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂತು, ಪಿಯು ಸೈನ್ಸ್ ಸಿಗಲಿಲ್ಲ, ಯಾರೋ ನೆಂಟರು ‘ಐಟಿಐಗಾದರೂ ಹಾಕಿ’ ಅಂದರು. ಆ ‘ಆದರೂ’ ಹೊತ್ತುಕೊಂಡೇ ಹುಡುಗ ನಮ್ಮ ಗೇಟಿನೊಳಗೆ ಕಾಲಿಡ್ತಾನೆ. ತಾನು ಸೋತು ಬಂದವನು ಅಂತ ಅವನಿಗೆ ಮನೆಯಲ್ಲೇ ಹೇಳಿರ್ತಾರೆ. ಇನ್ನೊಂದು ಕಡೆ, ಅಡ್ಮಿಷನ್ ದಿನ ಅವನಿಗೆ ಹೊಸ ಸಿಎನ್‌ಸಿ ಮಿಷನ್ನು, ರೋಬೋ ಎಲ್ಲ ತೋರಿಸಿರ್ತೀವಿ. ಮಾರನೇ ವಾರ ಕೈಗೆ ಕೊಡೋದು ಒಂದು ಅರ, ಒಂದು ಕಬ್ಬಿಣದ ತುಂಡು. ಉಜ್ಜು ಅಂತೀವಿ. ದಿನವಿಡೀ ಉಜ್ತಾನೆ. ಅಂಗೈಯಲ್ಲಿ ಬೊಬ್ಬೆ ಏಳುತ್ತೆ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಕಾಣುತ್ತೆ, ನಡುವೆ ಉಬ್ಬು. ‘ಇನ್ನೊಂದ್ಸಲ ಮಾಡು’ ಅಂತ ಮೇಷ್ಟ್ರು ಮುಂದಕ್ಕೆ ಹೋಗ್ತಾರೆ. ಸಂಜೆ ಮನೆಗೆ ಹೋದಾಗ ಅಪ್ಪ ಕೇಳ್ತಾನೆ, ಏನು ಕಲಿತೆ? ಏನು ಹೇಳ್ತಾನೆ ಪಾಪ ಆ ಮಗು?

ನಮ್ಮ ಸೆಕ್ಷನ್ನಿನಲ್ಲಿ ನನಗಿಂತ ಹಿರಿಯ ಮೇಷ್ಟ್ರೊಬ್ಬರಿದ್ದರು. ಅವರ ಯುನಿಟ್ಟಿನಲ್ಲಿ ಪಾವಗಡದ ಕಡೆಯಿಂದ ಬಂದ ಒಬ್ಬ ಹುಡುಗ, ಕುಳ್ಳಗೆ, ಸಣಕಲು. ಅವನ ಜಾಬ್ ಯಾವತ್ತೂ ಸಪಾಟಾಗ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಭುಜ ಹಿಡ್ಕೊಂಡು ಕೂತುಬಿಡೋನು. ಸೋಮಾರಿ ಅಂತ ಉಳಿದ ಹುಡುಗರು ಹೆಸರಿಟ್ಟರು. ಈ ಮೇಷ್ಟ್ರು ಒಂದು ದಿನ ಏನೂ ಮಾತಾಡದೆ ಅವನ ಪಕ್ಕ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಅವನ ಮೊಣಕೈ ಹಿಡಿದು ವೈಸಿನ ದವಡೆಯ ಪಕ್ಕಕ್ಕೆ ತಂದರು. ವೈಸಿನ ದವಡೆ ಮೊಣಕೈ ಮಟ್ಟಕ್ಕಿರಬೇಕು ಅನ್ನೋದು ಫಿಟ್ಟರ್ ಟ್ರೇಡಿನ ಮೊದಲ ಪಾಠ. ಇವನಿಗೆ ಅದು ಮೊಣಕೈಗಿಂತ ಅಂಗೈಯಗಲ ಮೇಲಿತ್ತು. ದೇಹದ ಭಾರ ಹಾಕಿ ಮುಂದಕ್ಕೆ ತಳ್ಳಬೇಕಾದವನು ಬರೀ ಭುಜದ ಬಲದಲ್ಲಿ ಅರವನ್ನ ಎತ್ತಿ ಎತ್ತಿ ಉಜ್ತಿದ್ದ. ಅರ ತೂಗಾಡದೆ ಇನ್ನೇನಾಗುತ್ತೆ? ಕಾರ್ಪೆಂಟರ್ ಸೆಕ್ಷನ್ನಿನಿಂದ ಎರಡು ಹಳೇ ಹಲಗೆ ತರಿಸಿ, ಮೊಳೆ ಹೊಡೆಸಿ, ಅವನ ಕಾಲ ಕೆಳಗೆ ಇಟ್ಟರು. ‘ಮುಂದಕ್ಕೆ ಹೋಗುವಾಗ ಒತ್ತು, ವಾಪಸ್ ಬರುವಾಗ ಬಿಡು. ಶುರುವಿನಲ್ಲಿ ಎಡಗೈ ಭಾರ, ಕೊನೇಲಿ ಬಲಗೈ ಭಾರ’ ಅಂತ ಅವನ ಕೈ ಮೇಲೆ ತಮ್ಮ ಕೈಯಿಟ್ಟು ನಾಲ್ಕು ಸಲ ತಳ್ಳಿಸಿದರು. ಅರದ ಹಲ್ಲಿಗೆ ಚೂರು ಸಿಕ್ಕಿಕೊಳ್ಳದ ಹಾಗೆ ಸೀಮೆಸುಣ್ಣ ತಿಕ್ಕೋದು ತೋರಿಸಿದರು. ಅದೇ ವಾರ ಅವನ ಟ್ರೈಸ್ಕ್ವೇರ್ ಕೆಳಗೆ ಬೆಳಕು ಕಾಣೋದು ನಿಂತಿತು. ಅವನು ಎರಡು ವರ್ಷ ಮುಗಿಸಿದ.

ಆ ಹಲಗೆ ಇಲ್ಲದಿದ್ದರೆ ಅವನು ಹೋಗಿಬಿಡೋನು, ನಾವೆಲ್ಲ ‘ಮನೆ ಸಮಸ್ಯೆ’ ಅಂತ ಕಾರಣ ಬರೆದು ಫೈಲ್ ಮುಚ್ಚೋರು. ಬಿಟ್ಟುಹೋದವರ ಕಾಲಮ್ಮಿನಲ್ಲಿ ಅದೊಂದು ಪದ ಎಷ್ಟು ಮಕ್ಕಳ ಸಂಗತಿ ನುಂಗಿದೆಯೋ ದೇವರಿಗೇ ಗೊತ್ತು.

ವೆಲ್ಡರ್ ಸೆಕ್ಷನ್ನಿನಲ್ಲಿ ಇದು ಇನ್ನೂ ಬೇಗ ಆಗುತ್ತೆ. ಹೊಸಬ, ಆರ್ಕ್ ಹೊತ್ತಿಸೋಕೆ ಹೋಗ್ತಾನೆ, ರಾಡ್ ಪ್ಲೇಟಿಗೆ ಅಂಟಿಕೊಳ್ಳುತ್ತೆ. ಎಳೆದು ಬಿಡಿಸ್ತಾನೆ, ಮತ್ತೆ ಅಂಟುತ್ತೆ. ಪಕ್ಕದವನದು ಹೇಗೆ ಅಂತ ಶೀಲ್ಡ್ ಇಲ್ಲದೆ ಒಂದು ಕ್ಷಣ ಇಣುಕಿ ನೋಡ್ತಾನೆ. ಆಗ ಏನೂ ಅನ್ನಿಸಲ್ಲ. ರಾತ್ರಿ ಹೊತ್ತಿಗೆ ಕಣ್ಣಿಗೆ ಮರಳು ಹಾಕಿದ ಹಾಗೆ ಚುಚ್ಚೋಕೆ ಶುರು, ನೀರು ಸುರಿಯುತ್ತೆ, ಕಣ್ಣು ಬಿಡೋಕಾಗಲ್ಲ. ಮನೇಲಿ ಅಮ್ಮ ಹೆದರ್ತಾಳೆ: ಕಣ್ಣು ಹೋಗೋ ಕೆಲಸ ನಮಗೆ ಬೇಡ ಮಗನೇ. ಆ ಹುಡುಗ ಮಾರನೇ ದಿನವೂ ಬರಲ್ಲ, ಮುಂದಿನ ವಾರವೂ ಬರಲ್ಲ. ಅವನಿಗೆ ಮೊದಲನೇ ದಿನವೇ ಈ ರಾತ್ರಿಯ ಸಂಗತಿ ವಿವರವಾಗಿ ಹೇಳಬೇಕು. ಗ್ಲಾಸ್ ಇಲ್ಲದೆ ನೋಡಿದರೆ ಹೀಗಾಗುತ್ತೆ, ಹಾಗೇನಾದರೂ ಆದರೆ ಆಸ್ಪತ್ರೆಗೆ ಹೋಗು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ, ನನಗೆ ಫೋನ್ ಮಾಡು ಅಂತ. ಹೆದರಿಸೋಕಲ್ಲ, ಆ ರಾತ್ರಿ ಅವನೂ ಅವನ ಅಮ್ಮನೂ ಇಬ್ಬರೇ ಕೂತು ತೀರ್ಮಾನ ತಗೊಳ್ಳಬಾರದು ಅಂತ.

ನಿನ್ನ ಎಲೆಕ್ಟ್ರಿಷಿಯನ್ ಮಕ್ಕಳು ಈಗ ಯಾವ ಜಾಬ್‌ನಲ್ಲಿದ್ದಾರೆ? ವೈರ್ ಜಾಯಿಂಟಾ? ಟೀ ಜಾಯಿಂಟು, ಬ್ರಿಟಾನಿಯಾ ಜಾಯಿಂಟು ಮಾಡಿಸಿ, ನೋಡಿ, ಅಂಕ ಹಾಕಿ ಗುಜರಿ ಡಬ್ಬಕ್ಕೆ ಹಾಕ್ತೀರ. ಅದು ಬೇಕು, ಬೇಡ ಅಂತಿಲ್ಲ. ಅದರ ಜೊತೆಗೆ ಒಂದು ಪೂರ್ತಿಯಾದ ಕೆಲಸ ಆದಷ್ಟು ಬೇಗ ಮಾಡಿಸು. ಒಂದು ಎಕ್ಸ್‌ಟೆನ್ಶನ್ ಬೋರ್ಡು ಸಾಕು. ಎರಡು ಸಾಕೆಟ್ಟು, ಒಂದು ಸ್ವಿಚ್ಚು, ಒಂದು ಫ್ಯೂಸು, ಅರ್ತ್ ವೈರು ಸರಿಯಾಗಿ ಕೂರಿಸಿದ್ದು. ನೀನೇ ಟೆಸ್ಟ್ ಮಾಡಿ ಸರಿ ಇದೆ ಅಂದ ಮೇಲೆ ಮನೆಗೆ ತಗೊಂಡು ಹೋಗಲಿ. ಅವರಮ್ಮ ಅದಕ್ಕೆ ಮಿಕ್ಸಿ ಸಿಕ್ಕಿಸ್ತಾಳೆ. ಆ ಮೇಲೆ ‘ಏನು ಕಲಿತೆ’ ಅಂತ ಅವನನ್ನ ಯಾರೂ ಕೇಳೋ ಹಾಗಿಲ್ಲ. ಫಿಟ್ಟರಿನಲ್ಲಿ ನಾವು ಹಾಗೇ ಬಾಗಿಲ ಚಿಲಕ ಮಾಡಿಸ್ತಿದ್ದೆವು, ಸಿಲಬಸ್ಸಿನ ಜಾಬ್‌ಗಳ ನಡುವೆ ಜಾಗ ಮಾಡಿಕೊಂಡು. ಕೊಯ್ದು, ಅರ ಹಾಕಿ, ತೂತು ಕೊರೆದು, ರಿವೆಟ್ ಹೊಡೆದು. ಸಾಮಾನಿಗೆ ಖರ್ಚು ಎಲ್ಲಿಂದ ಅಂತ ಸ್ಟೋರಿನವರು ಗೊಣಗಿದರೆ ಗುಜರಿ ಪ್ಲೇಟಿನಲ್ಲೇ ಆಗುತ್ತೆ.

ಇನ್ನು ಲೆಕ್ಕ. ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂದರೆ ಮಕ್ಕಳು ಮುಖ ಬಾಡಿಸಿಕೊಳ್ತಾರೆ. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವನು. ಬೋರ್ಡಿನ ಮೇಲೆ ಇಂಗ್ಲಿಷ್‌ನಲ್ಲಿ ‘ಲೀಸ್ಟ್ ಕೌಂಟ್’ ಅಂತ ಬರೆದು ಸೂತ್ರ ಬರೆದುಕೊಟ್ಟರೆ ಅವನು ಅದನ್ನ ಬಾಯಿಪಾಠ ಮಾಡ್ತಾನೆ, ಪರೀಕ್ಷೆಯಲ್ಲಿ ಮರೀತಾನೆ, ತನಗೆ ತಲೆ ಇಲ್ಲ ಅಂತ ತೀರ್ಮಾನಿಸ್ತಾನೆ. ವರ್ನಿಯರ್ ಅವನ ಕೈಗೇ ಕೊಡು. ಮೇಲಿನ ಪಟ್ಟಿಯಲ್ಲಿ 49 ಮಿಲಿಮೀಟರ್ ಇರೋ ಉದ್ದವನ್ನ ಕೆಳಗಿನ ಪಟ್ಟಿಯಲ್ಲಿ 50 ಭಾಗ ಮಾಡಿದ್ದಾರೆ, ಹಾಗಾದರೆ ಕೆಳಗಿನ ಒಂದು ಮನೆ ಮೇಲಿನ ಒಂದು ಮನೆಗಿಂತ ಎಷ್ಟು ಚಿಕ್ಕದು ಅಂತ ಕೇಳು. 0.02 ಅಂತ ಅವನ ಬಾಯಿಂದಲೇ ಬರೋವರೆಗೆ ಕಾಯಿ. ಒಂದು ಗಂಟೆ ಹೋದರೆ ಹೋಗಲಿ. ಎಲ್ಲಾ ಟ್ರೇಡಿನ ಮಾತನ್ನೂ ಕನ್ನಡಕ್ಕೆ ತಿರುಗಿಸು ಅಂತ ನಾನು ಹೇಳ್ತಿಲ್ಲ. ನಾಳೆ ಫ್ಯಾಕ್ಟರಿಯಲ್ಲಿ ಅವನು ಕೇಳೋದು ವರ್ನಿಯರ್, ಟಾಲರೆನ್ಸ್, ಲೋಡ್ ಅನ್ನೋ ಮಾತುಗಳೇ. ಹೆಸರು ಅದೇ ಇರಲಿ, ವಿವರಣೆ ಮಾತ್ರ ಅವನ ಮನೆ ಮಾತಿನಲ್ಲಿ ಬರಲಿ. ಥಿಯರಿಯಲ್ಲಿ ಹಿಂದೆ ಬಿದ್ದ ನಾಲ್ಕು ಮಕ್ಕಳನ್ನ ಶಾಪಿನಲ್ಲೇ, ಜಾಬ್ ನಡೀತಿರುವಾಗಲೇ, ಹೀಗೆ ಒಂದೊಂದು ಪ್ರಶ್ನೆ ಕೇಳಿ ಎತ್ತಬಹುದು. ಅದಕ್ಕೆ ಬೇರೆ ಸ್ಪೆಷಲ್ ಕ್ಲಾಸ್ ಬೇಕಿಲ್ಲ. ಸ್ಪೆಷಲ್ ಕ್ಲಾಸ್ ಅಂದ ತಕ್ಷಣ ದಡ್ಡರ ಪಟ್ಟಿ ಅಂತ ಮಕ್ಕಳು ತಿಳೀತಾರೆ.

ದುಡ್ಡಿನ ವಿಷಯ ನೀನು ಹೇಳಿದ್ದು ನಿಜ, ಅದನ್ನ ಬೋಧಕರು ಒಬ್ಬರೇ ಬಗೆಹರಿಸೋಕಾಗಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ಸುಲಿಯೋ ಕಾಲ ಬಂದರೆ ಮನೆಮಂದಿಯೆಲ್ಲ ಕೂರಬೇಕು. ಶಿರಾ, ಪಾವಗಡದ ಕಡೆ ಕಡಲೆಕಾಯಿ ಕೀಳೋ ಹೊತ್ತಿನಲ್ಲಿ ಕೂಲಿಯವರು ಸಿಗಲ್ಲ. ಸ್ವಲ್ಪ ದೊಡ್ಡ ಹುಡುಗರಾದರೆ ಲೈಸೆನ್ಸ್ ಆದ ಕೂಡಲೇ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ. ಆದರೆ ಅಡಿಕೆಗೆ ಹೋದ ಹುಡುಗನಿಗೂ ಡೆಲಿವರಿಗೆ ಹೋದ ಹುಡುಗನಿಗೂ ವ್ಯತ್ಯಾಸ ಇದೆ, ಅದನ್ನ ನೀನು ತಿಳ್ಕೊಬೇಕು. ಅಡಿಕೆ ಹುಡುಗ ವಾಪಸ್ ಬರೋನು. ಅವನು ಹೋಗುವಾಗಲೇ ‘ಎಷ್ಟು ದಿನ ಆಗುತ್ತೆ? ಬಂದ ಮೇಲೆ ಈ ಎರಡು ಜಾಬ್ ಹೀಗೆ ಮುಗಿಸ್ಕೊ’ ಅಂತ ಹೇಳಿ ಕಳಿಸಿದರೆ ಬರ್ತಾನೆ. ಹೇಳದೆ ಹೋದರೆ, ವಾಪಸ್ ಬಂದ ದಿನ ಪಕ್ಕದವರು ನಾಲ್ಕನೇ ಜಾಬ್‌ನಲ್ಲಿರ್ತಾರೆ, ಇವನು ಎರಡನೆಯದರಲ್ಲಿ. ಆ ನಾಚಿಕೆಗೇ ಅವನು ಅರ್ಧ ದಿನಕ್ಕೆ ಬ್ಯಾಗ್ ಎತ್ಕೊಂಡು ಹೋಗ್ತಾನೆ. ಅವನನ್ನ ಕಳಿಸಿದ್ದು ಅಡಿಕೆಯಲ್ಲ, ಆ ನಾಚಿಕೆ.

ಸ್ಕಾಲರ್‌ಶಿಪ್ಪಿನ ಅರ್ಜಿ ಯಾರ್ಯಾರು ಹಾಕಿದ್ದಾರೆ ಅಂತ ನೋಡಿದೆಯಾ? ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಜಾತಿ, ಆದಾಯ ಸರ್ಟಿಫಿಕೇಟಿನ ನಂಬರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಎಲ್ಲ ಸರಿ ಇರಬೇಕು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೂ ತೊಡಕು. ಅಪ್ಪ ಅಮ್ಮನಿಗೆ ಇದು ತಿಳಿಯಲ್ಲ, ಸೈಬರ್ ಸೆಂಟರಿನವನು ಹೇಳಿದ್ದೇ ವೇದವಾಕ್ಯ. ಕಂಪ್ಯೂಟರ್ ಕಲಿಯೋ ಕೊಪಾ ಟ್ರೇಡಿನ ಮಕ್ಕಳು ನಿಮ್ಮಲ್ಲೇ ಇದ್ದಾರಲ್ಲ, ಕಂಪ್ಯೂಟರ್ ಲ್ಯಾಬೂ ಇದೆ. ಒಂದು ಶನಿವಾರ ಮಧ್ಯಾಹ್ನ ನಿನ್ನ ಇಪ್ಪತ್ತು ಮಕ್ಕಳನ್ನೂ ಅಲ್ಲಿ ಕೂರಿಸಿ, ಒಬ್ಬೊಬ್ಬರದೂ ತೆಗೆದು ನೋಡಿಸು. ಹಿಂದುಳಿದ ವರ್ಗಗಳ ಹಾಸ್ಟೆಲ್ಲು, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲು, ನಮ್ಮ ಸಿದ್ಧಗಂಗಾ ಮಠ, ಎಲ್ಲೆಲ್ಲಿ ಜಾಗ ಕೇಳಬಹುದು ಅಂತ ಹೇಳು. ದೂರದ ಹಳ್ಳಿಯವನಿಗೆ ಬೆಳಗಿನ ಮೊದಲ ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದ ಹಾಗೆ. ಒಂದೇ ರೂಟಿನ ಇಬ್ಬರನ್ನ ಪಕ್ಕ ಪಕ್ಕದ ವೈಸಿಗೆ ಹಾಕು. ಒಬ್ಬ ಏಳದಿದ್ದರೆ ಇನ್ನೊಬ್ಬ ಎಬ್ಬಿಸಿಕೊಂಡು ಬರ್ತಾನೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಮೂರು ದಿನ ಬಿಟ್ಟು ಬಂದ ಹುಡುಗನನ್ನ ಎಲ್ಲರೆದುರು ನಿಲ್ಲಿಸಿ ‘ಏನಪ್ಪ ದೊಡ್ಡ ಮನುಷ್ಯ, ದಾರಿ ತಪ್ಪಿ ಬಂದ್ಯಾ’ ಅನ್ನೋ ಅಭ್ಯಾಸ ನಮ್ಮ ಬೋಧಕರಲ್ಲಿ ಬಹಳ ಇದೆ. ಅದು ತಮಾಷೆಯಲ್ಲ. ಅವನು ಬಂದಿದ್ದೇ ದೊಡ್ಡದು. ಬಸ್ ಇಳಿದು ಗೇಟಿನವರೆಗೆ ನಡೆಯೋಕೆ ಅವನು ಎಷ್ಟು ಧೈರ್ಯ ಮಾಡಿರ್ತಾನೋ. ಒಂದು ಮಾತಿಗೆ ಅದೆಲ್ಲ ನೀರುಪಾಲು. ಪರೀಕ್ಷೆಗೆ ಶೇಕಡಾ 80 ಹಾಜರಿ ಬೇಕು ಅನ್ನೋ ನಿಯಮವನ್ನೂ ನಾವು ಗದರಿಸೋಕೆ ಮಾತ್ರ ಬಳಸ್ತೀವಿ. ಅದನ್ನೇ ಅವನ ಜೊತೆ ಕೂತು ಲೆಕ್ಕ ಹಾಕಿ ತೋರಿಸು: ಇಲ್ಲಿವರೆಗೆ ಇಷ್ಟು ದಿನ ಹೋಗಿದೆ, ಇನ್ನು ಇಷ್ಟು ದಿನ ತಪ್ಪಿಸಿದರೂ ನಡೆಯುತ್ತೆ, ಅದಕ್ಕಿಂತ ಹೆಚ್ಚಾದರೆ ಕಷ್ಟ. ಇನ್ನೂ ದಾರಿ ಇದೆ ಅಂತ ಕಣ್ಣಾರೆ ನೋಡಿದವನು ಬರ್ತಾನೆ. ಎಲ್ಲ ಮುಗಿದುಹೋಯಿತು ಅಂದುಕೊಂಡವನು ಯಾಕೆ ಬರ್ತಾನೆ?

“ಮುಗಿಸಿದರೆ ಕೆಲಸ ಎಲ್ಲಿದೆ ಸಾರ್ ಅಂತಾರೆ ಮಕ್ಕಳು” ಅಂದೆಯಲ್ಲ. ಕೇಳಲಿ, ಕೇಳಬೇಕಾದ್ದೇ. ನಮ್ಮ ಕಾಲದಲ್ಲಿ ಇದಕ್ಕೆ ಸುಲಭದ ಉತ್ತರ ಇತ್ತು. ತುಮಕೂರಿನಲ್ಲೇ ಎಚ್‌ಎಂಟಿ ವಾಚ್ ಫ್ಯಾಕ್ಟರಿ, ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಬಿಇಎಂಎಲ್. ಐಟಿಐ ಮಾಡಿ ಎಚ್‌ಎಂಟಿ ಸೇರಿದ ಅಂದರೆ ಹೆಣ್ಣು ಕೊಡೋಕೆ ಮುಂದೆ ಬರೋರು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚೋಕೆ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಆ ಪೀಳಿಗೆಯ ಅಪ್ಪಂದಿರಿಗೆ ಫ್ಯಾಕ್ಟರಿ ಕೆಲಸದ ಮೇಲೆ ಇದ್ದ ನಂಬಿಕೆಯೂ ಹೋಯಿತು. ಈಗ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಕಣ್ಣೆದುರಿಗೇ ಇದೆ. ಆದರೆ ‘ಅಲ್ಲಿ ನಿಮಗೆಲ್ಲ ಕೆಲಸ ಸಿಗುತ್ತೆ’ ಅಂತ ಸುಳ್ಳು ಭರವಸೆ ಕೊಡಬೇಡ. ಕಂಟ್ರಾಕ್ಟ್ ಕೆಲಸ ಹೆಚ್ಚು, ಶುರುವಿನ ಸಂಬಳ ಕಡಿಮೆ, ಅದೂ ಹೇಳು. ಸುಳ್ಳು ಹೇಳಿ ಉಳಿಸಿಕೊಂಡ ಹುಡುಗ ಆಮೇಲೆ ತನ್ನ ತಮ್ಮನನ್ನೂ ಕಳಿಸಲ್ಲ.

ಅದರ ಬದಲು ದಾರಿ ತೋರಿಸು. 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಐಟಿಐ ಮುಗಿಸಿದವರನ್ನ ಫ್ಯಾಕ್ಟರಿಗಳು ಅಪ್ರೆಂಟಿಸ್ ಆಗಿ ತಗೊಂಡು ಸ್ಟೈಫಂಡ್ ಕೊಟ್ಟು ಕಲಿಸಬೇಕು ಅನ್ನೋದು ಅದರಿಂದ ಬಂದದ್ದು. ಹೋದ ವರ್ಷ ನಿಮ್ಮಲ್ಲೇ ಮುಗಿಸಿ ಈಗ ಅಪ್ರೆಂಟಿಸ್ ಆಗಿರೋ ಹುಡುಗನನ್ನ ಒಂದು ರಜೆ ದಿನ ಕರೆಸಿ ಮಾತಾಡಿಸು. ನೀನು ಗಂಟೆಗಟ್ಟಲೆ ಹೇಳಿದರೂ ತಲೆಗೆ ಹೋಗದ್ದು, ಅವರಿಗಿಂತ ಒಂದು ವರ್ಷ ದೊಡ್ಡವನು ಬಂದು ‘ನಾನೂ ಬಿಟ್ಟುಹೋಗೋನಿದ್ದೆ ಕಣ್ರೋ’ ಅಂದರೆ ಹೋಗುತ್ತೆ. ಸಂಬಳದ ಸ್ಲಿಪ್ ತೋರಿಸಲಿ, ಕ್ಯಾಂಟೀನ್ ಊಟದ ವಿಷಯ ಹೇಳಲಿ, ನೈಟ್ ಶಿಫ್ಟಿನ ಕಷ್ಟವನ್ನೂ ಹೇಳಲಿ.

ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾದದ್ದು, ಈಗಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ಕೈ ಕೆಲಸಕ್ಕೂ ಓದಿನ ಗೌರವ ಸಿಗಬೇಕು ಅನ್ನೋ ಹಂಬಲ ಈ ನಾಡಿಗೆ ಹೊಸದಲ್ಲ. ಇತ್ತೀಚೆಗೆ ರಾಜ್ಯದ 150 ಐಟಿಐಗಳನ್ನ 4,700 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ಟೆಕ್ನಾಲಜಿ ಹಬ್ ಮಾಡಿ 2022ರ ಜೂನ್‌ನಲ್ಲಿ ಪ್ರಧಾನಿಯವರಿಂದ ಲೋಕಾರ್ಪಣೆ ಮಾಡಿಸಿದರು. ಅಷ್ಟು ದುಬಾರಿ ಮಿಷನ್ನು ಬಂದಿರೋ ಕಡೆ ಮಕ್ಕಳ ಕೈಗೆ ಬೇಗ ಬೇಗ ಕೊಡಬೇಕು. ಹಾಳು ಮಾಡ್ತಾರೆ ಅಂತ ಪ್ಲಾಸ್ಟಿಕ್ ಹೊದಿಸಿ, ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೆಯೋದಾದರೆ ಆ ಮಿಷನ್ನು ಯಾರನ್ನೂ ಹಿಡಿದಿಟ್ಟುಕೊಳ್ಳಲ್ಲ. ಅರ ಹಿಡಿಯೋ ತಿಂಗಳಲ್ಲೇ ವಾರಕ್ಕೊಂದು ಗಂಟೆ ಹೊಸ ಮಿಷನ್ನಿನ ಪಕ್ಕ ನಿಲ್ಲಿಸಿ, ನಿನ್ನ ಕೈಯಲ್ಲಿ ಕೂತ ಆ ನಿಖರತೆ ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತೆ ಅಂತ ತೋರಿಸಬೇಕು.

ನಿನ್ನ ಯುನಿಟ್ಟಿನಲ್ಲಿ ಹುಡುಗಿಯರು ಎಷ್ಟು ಜನ? ಇಬ್ಬರಾ? ಆ ಇಬ್ಬರಲ್ಲಿ ಒಬ್ಬಳ ಸಾಲಿನಲ್ಲೂ ಇಲ್ಲಿ ಖಾಲಿ ಮನೆ ಕಾಣ್ತಿದೆ. ನಾಳೆಯೇ ಅವಳ ವಿಷಯ ಮೊದಲು ನೋಡು. ಹುಡುಗ ಬಿಟ್ಟರೆ ಇನ್ನೊಂದು ವರ್ಷ ಎಲ್ಲೋ ಒಂದು ಕಡೆ ಸೇರ್ತಾನೆ. ಹುಡುಗಿ ಬಿಟ್ಟರೆ ಬಹುಪಾಲು ಮದುವೆ ಮಾತೇ ಬರುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಅವರಿಗೆ ಅಡ್ಡಿಯಲ್ಲ, ದೊಡ್ಡ ಉಪಕಾರ ಅದು. ಆದರೆ ಗೇಟಿನ ಒಳಗಿನ ಅಡ್ಡಿಗಳು ನಾವು ಮಾಡಿದ್ದು. ಬೀಗ ಹಾಕಿದ ಟಾಯ್ಲೆಟ್ಟು, ಅದರ ಕೀಲಿ ಆಫೀಸಿನಲ್ಲಿ. ಅದನ್ನ ಕೇಳೋಕೆ ನಾಚಿಕೆಪಟ್ಟು ಬೆಳಗಿನಿಂದ ನೀರು ಕುಡಿಯದೆ ಇರೋ ಮಕ್ಕಳಿದ್ದಾರೆ. ಆ ಕೀಲಿ ನಿನ್ನ ಹತ್ತಿರ ಇರಲಿ, ಅವರ ಹತ್ತಿರವೂ ಒಂದಿರಲಿ. ಇನ್ನೊಂದು, ಶಾಪಿನಲ್ಲಿ ಹುಡುಗಿಯರಿಗೆ ಟೂಲ್ ಲೆಕ್ಕ ಬರೆಯೋದು, ಬೆಂಚ್ ಒರೆಸೋದು ಕೊಟ್ಟು, ಕಂಬ ಹತ್ತೋದು, ಮೋಟಾರ್ ಬಿಚ್ಚೋದು ಹುಡುಗರಿಗೆ ಕೊಡ್ತಾರೆ. ಪಾಪ ಅಂತ ಮಾಡ್ತಾರೆ, ಆದರೆ ಆ ಮಕ್ಕಳು ಎರಡು ವರ್ಷ ಬೇರೆಯವರ ಕೆಲಸ ನೋಡ್ತಾ ನಿಂತಿರಬೇಕಾ? ನಿನಗೆ ನಾನು ಇದನ್ನ ಹೇಳಬೇಕಿಲ್ಲ. ಆ ಸೆಕ್ಷನ್ನಿನಲ್ಲಿ ಒಬ್ಬ ಹೆಂಗಸು ಸ್ಟೂಲ್ ಹತ್ತಿ ಸ್ಟಾರ್ಟರ್ ಪ್ಯಾನೆಲ್ ಬಿಚ್ಚೋದನ್ನ ಅವರು ದಿನಾ ನೋಡ್ತಾರೆ ಅನ್ನೋದೇ ಅವರಿಗೆ ಬಲ.

ಇಷ್ಟೆಲ್ಲ ಮಾಡೋಕೆ ಬೋಧಕರಿಗೆ ಹೊತ್ತೆಲ್ಲಿದೆ ಅಂತ ನಿನ್ನ ಮುಖವೇ ಹೇಳ್ತಿದೆ. ಹುದ್ದೆಗಳು ಖಾಲಿ, ಪಕ್ಕದ ಯುನಿಟ್ಟನ್ನೂ ನೀನೇ ನೋಡ್ಕೊಬೇಕು, ಆನ್‌ಲೈನ್ ಅಪ್‌ಲೋಡ್ ಕೆಲಸ ಬೇರೆ. ಅತಿಥಿ ಬೋಧಕರ ಪಾಡಂತೂ ಹೇಳೋದೇ ಬೇಡ. ವರ್ಷಕ್ಕೊಬ್ಬರು ಬದಲಾಗ್ತಾರೆ, ಎರಡು ವರ್ಷದ ಕೋರ್ಸಿನ ಹುಡುಗನಿಗೆ ಮೊದಲ ವರ್ಷದ ಮೇಷ್ಟ್ರು ಎರಡನೇ ವರ್ಷ ಇರಲ್ಲ. ಇದು ಸರ್ಕಾರ ಸರಿಮಾಡಬೇಕಾದದ್ದು. ಮಕ್ಕಳು ಉಳೀಬೇಕು ಅಂತ ನಿಜವಾಗಿ ಮನಸ್ಸಿದ್ದರೆ ಮೊದಲು ಬೋಧಕರು ಉಳಿಯೋ ಹಾಗೆ ಮಾಡಲಿ. ಇದನ್ನ ಎಲ್ಲಿ ಬೇಕಾದರೂ ಹೇಳ್ತೀನಿ.

ಇನ್ನೂ ಒಂದು ರೋಗ ಇದೆ, ಅದಕ್ಕೆ ನೀನು ಕೈ ಹಾಕಬೇಡ. ಯುನಿಟ್ ಖಾಲಿಯಾದರೆ ಮುಂದೆ ಯುನಿಟ್ಟೇ ಹೋಗುತ್ತೆ ಅನ್ನೋ ಭಯಕ್ಕೆ, ಬರದ ಮಕ್ಕಳಿಗೂ ಹಾಜರಿ ತುಂಬಿಸೋ ಸಂಸ್ಥೆಗಳಿವೆ. ನಾನು ಕಂಡಿದ್ದೀನಿ. ಪುಸ್ತಕದಲ್ಲಿ ಇಪ್ಪತ್ತೂ ಜನ ಇರ್ತಾರೆ, ಬೆಂಚಿನಲ್ಲಿ ಎಂಟು. ಕಾಗದದ ಮೇಲೆ ಯಾರೂ ಬಿಟ್ಟಿಲ್ಲ. ಆ ಹುಡುಗನ ಕೈಗೆ ಕೊನೆಗೆ ಸರ್ಟಿಫಿಕೇಟೂ ಬರಬಹುದು, ಮೀಟರ್ ಹಿಡಿಯೋಕೆ ಬರಲ್ಲ. ನಾಳೆ ಎಲ್ಲೋ ಪ್ಯಾನೆಲ್ ಮುಂದೆ ನಿಂತಾಗ ಅವನ ಪ್ರಾಣಕ್ಕೆ ಯಾರು ಹೊಣೆ? ಆರು ಜನ ಬಿಟ್ಟಿದ್ದಾರೆ ಅಂತ ನೀನು ಇದ್ದದ್ದು ಇದ್ದ ಹಾಗೆ ಬರೆದಿದ್ದೀಯಲ್ಲ, ಈ ಪಟ್ಟಿ ಅದಕ್ಕೇ ಬೆಲೆಯುಳ್ಳದ್ದು. ಖಾಲಿ ಮನೆ ಕಂಡರೆ ತಾನೇ ಹುಡುಕೋಕೆ ಹೋಗೋದು.

ಸರಿ, ಈಗ ಫೋನ್ ಮಾಡೋ ವಿಷಯ ಕೇಳು. ಮಧ್ಯಾಹ್ನ ಆಫೀಸ್ ಹೊತ್ತಿನಲ್ಲಿ ಮಾಡಬೇಡ, ತೋಟದಲ್ಲಿರ್ತಾರೆ, ಇಲ್ಲ ಕೂಲಿಗೆ ಹೋಗಿರ್ತಾರೆ. ಸಂಜೆ ಡೈರಿಗೆ ಹಾಲು ಹಾಕಿ ಮನೆಗೆ ಬಂದು ಕೂತ ಹೊತ್ತಿಗೆ ಮಾಡು. ಮೊದಲು ಹುಡುಗನ ಜೊತೆಗೇ ಮಾತಾಡು, ಅಪ್ಪನಿಗೆ ದೂರು ಹೇಳೋಕೆ ಫೋನ್ ಮಾಡಿದ್ದು ಅಂತ ಅವನಿಗೆ ಅನ್ನಿಸಬಾರದು. ‘ನಿನ್ನ ಜಾಬ್ ಅರ್ಧಕ್ಕೆ ನಿಂತಿದೆ, ನಿನ್ನ ಡ್ರಾಯರಿನಲ್ಲೇ ಇಟ್ಟಿದ್ದೀನಿ’ ಅನ್ನು. ಅಪ್ಪ ಫೋನ್ ತಗೊಂಡರೆ ಮೊದಲು ಮಗ ಏನು ಚೆನ್ನಾಗಿ ಮಾಡ್ತಾನೆ ಅನ್ನೋದು ಒಂದು ಹೇಳು, ನಿಜವಾದದ್ದು ಹೇಳು, ಆಮೇಲೆ ಯಾಕೆ ಬರ್ತಿಲ್ಲ ಅಂತ ಕೇಳು. ಕೆಲಸಕ್ಕೆ ಹಾಕಿಬಿಟ್ಟಿದ್ದೀವಿ ಅಂದರೆ ಎಲ್ಲಿ, ಎಷ್ಟು ಗಂಟೆಗೆ ಬಿಡ್ತಾರೆ ಅಂತ ಕೇಳಿ ಬರ್ಕೊ. ಅಂಗಡಿ ಯಜಮಾನ ಪರಿಚಯದವನಾದರೆ ನಾನೂ ಒಂದು ಮಾತು ಹೇಳ್ತೀನಿ. ಆರು ನಂಬರೂ ಒಂದು ಚೀಟಿಯಲ್ಲಿ ಬರೆದುಕೊಡು, ಎರಡು ಊರಿಗೆ ನಾನೇ ಹೋಗಿಬರ್ತೀನಿ. ಕೊರಟಗೆರೆ ಬಸ್ಸಿಗೆ ಹೇಗೂ ಶನಿವಾರ ಹೋಗೋದಿದೆ.